ಕೆರಿ ಹತ್ರನ ಉಂಡೀನಿ

"ಹೋಲ್ಡಾನ್! ಹೋಲ್ಡಾನ್, ಬಿಡ್ಡಾ! ಬ್ರೇಕ್ ಹಾಕು!"

ದೊಡ್ಡಪ್ಪ ಕೂಗುವಷ್ಟರಲ್ಲಿ ತಡವಾಗಿತ್ತು. ಗಾಳದ ದಾರದ ತುದಿಯ ಸೀಸದ ಗುಂಡು ಕೆರೆಯ ನೀರಿಗೆ ಬಿದ್ದು ಸುಮ್ಮನಾಗಿತ್ತು. ಆದರೆ ಅಖಿಲಾಳ ಕೈಲಿದ್ದ ಮರದ ರಾಟಿ ಸುಮ್ಮನಾಗಲಿಲ್ಲ. ಗಿರ್ರೆಂದು ತಿರುಗುತ್ತಲೇ ಇತ್ತು. ಹೊರಗೆ ಹೋಗಲು ದಾರಿಯಿಲ್ಲದ ದಾರ ರಾಟಿಯ ಮೇಲೇ ಉಬ್ಬಿ, ಒಂದರೊಳಗೊಂದು ಹೊಕ್ಕು, ದೊಡ್ಡ ಸಿಕ್ಕಾಗಿ ಕೂತಿತು.

ಅಖಿಲಾ ಕಣ್ಣು ಮುಚ್ಚಿಕೊಂಡಳು.

"ಕಣ್ಣು ತೆಗಿ. ನೀ ಕಣ್ಣು ಮುಚ್ಚಿದ್ರ ಸಿಕ್ಕು ಬಿಚ್ಚತೈತೇನು?"

"ಇವತ್ತಿಗೆ ಎಷ್ಟನೇದು, ದೊಡ್ಡಪ್ಪ?"

"ಯಾರಿಗೆ ಗೊತ್ತು! ಸಂಡೆ ದಿನ ನಾ ಟಿಕೆಟ್ ಎಣಸಂಗಿಲ್ಲ."

ದೊಡ್ಡಪ್ಪನ ಹೆಸರು ಬಾಲಯ್ಯ. ಅಖಿಲಾಳನ್ನು ತೆಲುಗಿನವರ ಹಾಗೆ ಬಿಡ್ಡಾ, ಅಂದರೆ ಮಗು, ಎಂದೇ ಕರೆಯುತ್ತಿದ್ದ. ಗದ್ವಾಲದಿಂದ ಮಕ್ತಲ್ ಮೇಲೆ ನಾರಾಯಣಪೇಟೆಗೆ ಹೋಗುವ ಬಸ್ಸಿನಲ್ಲಿ ಅವನು ಕಂಡಕ್ಟರ್. ರಾಜ್ಯ ಬೇರೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವನ ಬಸ್ಸಿನ ಮೈಮೇಲೆ ತೆಲಂಗಾಣ ಎಂದು ಹೊಸದಾಗಿ ಬರೆದಿದ್ದರು. ಆ ಬಣ್ಣ ಅಂಗಿಗೆ ಹತ್ತಿಸಿಕೊಂಡು ಬಂದು ತನ್ನ ತಾಯಿ ಆಯಿಯ ಕೈಲಿ ಬೈಸಿಕೊಂಡಿದ್ದ. ಮದುವೆ ಆಗಿರಲಿಲ್ಲ. ಅಖಿಲಾಳ ಅಪ್ಪ, ಅವ್ವ, ತಮ್ಮ, ಅಜ್ಜಿ ಎಲ್ಲರ ಜೊತೆ ಒಂದೇ ಮನೆಯಲ್ಲಿ ಇದ್ದ. ಆರು ದಿನ ಬಸ್ಸು, ಏಳನೇ ದಿನ ಕೆರೆ. ಅದು ತಪ್ಪುತ್ತಿರಲಿಲ್ಲ.

ಅವನ ಗಾಳದ ಕೋಲು ಬಿದಿರಿನದು. ಕೋಲಿನ ಬುಡಕ್ಕೆ ಚಹಾದ ಕಪ್ಪಿನ ಬಸಿಯಷ್ಟು ಅಗಲದ ಮರದ ರಾಟಿ ಕೂಡಿಸಿದ್ದ. ನಾರಾಯಣಪೇಟೆಯಲ್ಲಿ ಮಗ್ಗದ ಸಾಮಾನು ಮಾಡುವ ಒಬ್ಬ ಬಡಗಿ ಅದನ್ನು ಸಾಗುವಾನಿಯಲ್ಲಿ ಕಡೆದು, ನಡುವೆ ಹಿತ್ತಾಳೆಯ ಮೊಳೆ ಹಾಕಿ ಕೊಟ್ಟಿದ್ದನಂತೆ. ಅದಕ್ಕೆ ಬಟನ್ ಇಲ್ಲ, ಸ್ಪ್ರಿಂಗ್ ಇಲ್ಲ. ಬೆರಳಲ್ಲಿ ತಟ್ಟಿದರೆ ಸಾಕು, ನಿಲ್ಲದೆ ತಿರುಗುತ್ತದೆ. ನಿಲ್ಲಿಸಬೇಕಾದರೆ ಹೆಬ್ಬೆರಳನ್ನು ಅದರ ಅಂಚಿಗೆ ಒತ್ತಬೇಕು. ಹೆಬ್ಬೆರಳೇ ಅದರ ಬ್ರೇಕು.

"ದೊಡ್ಡಪ್ಪ, ಮಕ್ತಲ್ ಅಂಗಡ್ಯಾಗ ಸ್ಟೀಲ್ ರೀಲ್ ಬಂದಾವು. ಅದಕ್ಕ ಬ್ರೇಕ್ ತಾನ ಬೀಳ್ತೈತಂತ."

"ತಾನ ಬಿದ್ರ ನಿನ್ನ ಹೆಬ್ಬಟ್ಟಿಗೆ ಏನು ಕೆಲಸ? ಕಾಲ ಮ್ಯಾಲ ಕಾಲು ಹಾಕ್ಕೊಂಡು ಚಾ ಕುಡಿತೈತೇನು?"

ಅಖಿಲಾಗೆ ನಗು ಬಂತು. ಆದರೆ ಸಿಕ್ಕು ನೋಡಿ ನಗು ಒಳಗೇ ಹೋಯಿತು.

ದೊಡ್ಡಪ್ಪ ಹುಣಸೆಮರದ ನೆರಳಿಗೆ ಬಂದು ಕೂತ. ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಸಿಕ್ಕು ಬಿಡಿಸಲು ಶುರು ಮಾಡಿದ. ಎಳೆಯಲಿಲ್ಲ. ಒಂದೊಂದೇ ಎಳೆಯನ್ನು ಹೆಬ್ಬೆರಳಿನ ಉಗುರಿನಿಂದ ಎತ್ತಿ, ಸಡಿಲ ಮಾಡಿ, ಹಿಂದೆ ತಳ್ಳಿದ. ಹಬ್ಬದ ದಿನ ಅವ್ವ ಅಖಿಲಾಳ ತಲೆ ಬಾಚುವಾಗ ಇಷ್ಟು ತಾಳ್ಮೆ ಇರುತ್ತಿರಲಿಲ್ಲ.

"ಕೇಳು. ಕೋಲು ಹಿಂದಕ್ಕ ಒಯ್ದಾಗ ಹೋಲ್ಡಾನ್. ಹೆಬ್ಬಟ್ಟು ಗಟ್ಟಿ. ಬಸ್ಸು ನಿಂತೈತಿ, ಯಾರೂ ಇಳಿಯಂಗಿಲ್ಲ. ಕೋಲು ಮುಂದ ಬೀಸಿದಾಗ ರೈಟ್! ಹೆಬ್ಬಟ್ಟು ಬಿಡು. ಗಾಡಿ ಹೊಂಟಿತು. ಇಲ್ಲಿತನಾ ನೀ ಬರೋಬರಿ ಮಾಡ್ತಿ."

"ಹೌದು."

"ಗುಂಡು ನೀರು ಮುಟ್ಟಾಕ ಇನ್ನ ಒಂದು ಮೊಳ ಐತಿ ಅಂದಾಗ ಮತ್ತ ಹೋಲ್ಡಾನ್. ಆಹಿಸ್ತಾ, ಮೆಲ್ಲಕ. ನಿದ್ದಿ ಮಾಡೋ ಕೂಸಿನ ಮ್ಯಾಲ ಕೈ ಇಟ್ಟಂಗ. ಇದನ್ನ ಮರೀತಿ ನೀನು."

"ಮರಿಯಂಗಿಲ್ಲ ದೊಡ್ಡಪ್ಪ. ಗುಂಡು ಎಲ್ಲಿ ಬೀಳ್ತೈತಿ ಅಂತ ನೋಡ್ಕೊಂತ ನಿಂತುಬಿಡ್ತೀನಿ."

"ಎಲ್ಲಾ ಪ್ಯಾಸೆಂಜರೂ ಕಿಟಕ್ಯಾಗ ನೋಡಬಹುದು. ಕಂಡಕ್ಟರ್ ನೋಡಬಾರ್ದು."

ದಂಡೆಯಿಂದ ದೂರದಲ್ಲಿ ನೀರಿನ ನಡುವೆ ಒಂದು ಕರಿಬಂಡೆ ಇತ್ತು. ಮೈ ತಂಪು ಮಾಡಿಕೊಳ್ಳುತ್ತ ಮಲಗಿದ ಎಮ್ಮೆಯ ಬೆನ್ನಿನಂತೆ ಕಾಣುತ್ತಿದ್ದ ಅದಕ್ಕೆ ಎಲ್ಲರೂ ಎಮ್ಮೆಬಂಡೆ ಅನ್ನುತ್ತಿದ್ದರು. ಅದರ ಆಚೆ ನೀರು ಆಳ. ಒಳ್ಳೆಯ ಮೀನು ಇರುವುದು ಅಲ್ಲೇ. "ನಿನ್ನ ಗುಂಡು ಎಮ್ಮೆಬಂಡಿ ದಾಟಿದ ದಿನ ಈ ರಾಟಿ ನಿಂದು," ಎಂದು ದೊಡ್ಡಪ್ಪ ದೀಪಾವಳಿಯ ಹೊತ್ತಿಗೇ ಹೇಳಿದ್ದ. ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಅಖಿಲಾಳ ಗುಂಡು ಎಮ್ಮೆಯ ಬಾಲವನ್ನೂ ಮುಟ್ಟಿರಲಿಲ್ಲ.

ಸಿಕ್ಕು ಬಿಡಿಸುವುದರಲ್ಲೇ ಬಿಸಿಲು ನೆತ್ತಿಗೆ ಬಂತು. ದೊಡ್ಡಪ್ಪ ಚೀಲದಿಂದ ಡಬ್ಬಿ ತೆಗೆದ. ಅದರಲ್ಲಿ ಮೀನಿಗೆ ಹಾಕುವ ಉಂಡೆ ಇತ್ತು. ನಿನ್ನೆಯ ಜೋಳದ ರೊಟ್ಟಿಯನ್ನು ಪುಡಿ ಮಾಡಿ, ಹುರಿದ ಶೇಂಗಾದ ಪುಡಿ ಸೇರಿಸಿ, ಚೂರು ಬೆಲ್ಲ ಹಾಕಿ, ನೀರು ಚಿಮುಕಿಸಿ ಅವನೇ ನಾದುತ್ತಿದ್ದ.

"ಮೀನಿಗೊಂದು," ಎಂದು ಒಂದು ಉಂಡೆ ಬದಿಗಿಟ್ಟ. "ನನಗೊಂದು," ಎಂದು ಒಂದನ್ನು ಬಾಯಿಗೆ ಹಾಕಿಕೊಂಡ. "ನಿನಗೊಂದು."

ಪ್ರತಿ ಭಾನುವಾರ ಹೀಗೆಯೇ. ಕೆರೆಯ ಹತ್ತಿರ ದೊಡ್ಡಪ್ಪನ ಊಟ ಅಂದರೆ ಇಷ್ಟೇ.

ಮನೆಯಲ್ಲಿ ಮಾತ್ರ ಅವನು ಬೇರೆ ಹೇಳುತ್ತಿದ್ದ. ಗಾಳಕ್ಕೆ ಬೀಳುತ್ತಿದ್ದುದು ಒಂದು ಮೀನು, ಬಹಳವಾದರೆ ಎರಡು. ಅವ್ವ ಖಾರ ಹಾಕಿ ಸಾರು ಮಾಡಿ ಎಲ್ಲರಿಗೂ ತುಂಡು ಬಡಿಸುತ್ತ ಬಂದಾಗ ದೊಡ್ಡಪ್ಪ ತಾಟಿನ ಮೇಲೆ ಅಡ್ಡ ಕೈ ಇಡುತ್ತಿದ್ದ. "ನನಗ ಬ್ಯಾಡವ್ವ, ನಾ ಕೆರಿ ಹತ್ರನ ಉಂಡೀನಿ. ಅಲ್ಲೇ ಒಂದು ಸುಟ್ಕೊಂಡು ತಿಂದೆ. ನೀವು ಉಣ್ರಿ." ಆಮೇಲೆ ಬರೀ ಸಾರಿನಲ್ಲಿ ರೊಟ್ಟಿ ಅದ್ದಿಕೊಂಡು ಏಳುತ್ತಿದ್ದ.

ಅಖಿಲಾ ಮೊದಲ ಸಲ ಅದನ್ನು ಕೇಳಿದಾಗ ಬಾಯಿ ತೆರೆದಿದ್ದಳು. ಕೆರೆಯ ಹತ್ತಿರ ಬೆಂಕಿಯೇ ಹಚ್ಚಿರಲಿಲ್ಲವಲ್ಲ! ದೊಡ್ಡಪ್ಪ ಅವಳತ್ತ ನೋಡಿ ಒಂದು ಹುಬ್ಬು ಎತ್ತಿದ್ದ. ಅವಳು ಬಾಯಿ ಮುಚ್ಚಿಕೊಂಡಿದ್ದಳು.

ಮುಂದಿನ ಭಾನುವಾರ ಕೇಳಿದಾಗ, "ನನಗ ಮೀನು ಸೇರಂಗಿಲ್ಲ ಬಿಡ್ಡಾ. ಮುಳ್ಳು ಆಗಿಬರಂಗಿಲ್ಲ," ಅಂದಿದ್ದ. "ಮನ್ಯಾಗ ಹೇಳಬ್ಯಾಡ. ಮೀನು ಸೇರದಾವ ಮೀನು ಯಾಕ ಹಿಡಿತಿ ಅಂತ ಎಲ್ಲಾರೂ ನಗ್ತಾರ."

ಅಖಿಲಾ ಯಾರಿಗೂ ಹೇಳಿರಲಿಲ್ಲ.

ಆ ಭಾನುವಾರ ಸಿಕ್ಕು ಬಿಡುವ ಹೊತ್ತಿಗೆ ಮೀನು ಮೇಯುವ ಹೊತ್ತು ಮುಗಿದಿತ್ತು. ಖಾಲಿ ಚೀಲ ಹಿಡಿದು ಮನೆಗೆ ಬಂದರು. ತಮ್ಮ ಅಂಜಿ ಚೀಲದೊಳಗೆ ತಲೆ ತೂರಿಸಿ ನೋಡಿ ಮುಖ ಉಬ್ಬಿಸಿದ. ಅವನ ಪೂರ್ತಿ ಹೆಸರು ಅಂಜನಕುಮಾರ್. ಒಂದನೇ ಕ್ಲಾಸು.

"ಮೀನು ಎಲ್ಲಿ?"

"ಇವತ್ತು ಮೀನಿಗೂ ಸಂಡೆ ರಜಾ ಅಂತೋ," ಅಂದ ದೊಡ್ಡಪ್ಪ. ಸಿಕ್ಕಿನ ಮಾತು ಎತ್ತಲಿಲ್ಲ.

*

ಬುಧವಾರ ಮಧ್ಯಾಹ್ನ ಸ್ಕೂಲಿಗೆ ಅಪ್ಪ ಬಂದ. ಅಪ್ಪ ಭೀಮಯ್ಯ ಕುರಿ ಕಾಯುವವನು, ಹಗಲು ಹೊತ್ತು ಊರಲ್ಲಿ ಇರುವವನೇ ಅಲ್ಲ. ಬಾಗಿಲಲ್ಲಿ ಅವನು ಕಂಬಳಿ ಇಲ್ಲದೆ, ಕೋಲು ಇಲ್ಲದೆ ನಿಂತದ್ದು ನೋಡಿ ಅಖಿಲಾ ಬರೆಯುವುದನ್ನು ನಿಲ್ಲಿಸಿದಳು. ಅವನು ಹೆಡ್ ಮಾಸ್ತರರ ಕಿವಿಯಲ್ಲಿ ಏನೋ ಹೇಳಿದ. ಅವರು ಕನ್ನಡಕ ತೆಗೆದು ಅಖಿಲಾಳತ್ತ ನೋಡಿದರು.

ಗದ್ವಾಲ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹೊರಡುವ ಹೊತ್ತಾಗಿತ್ತಂತೆ. ಕಂಡಕ್ಟರ್ ರೈಟ್ ಅನ್ನಲಿ ಎಂದು ಡ್ರೈವರ್ ಕಾಯುತ್ತ ಕೂತನಂತೆ. ಎಷ್ಟು ಹೊತ್ತಾದರೂ ಸದ್ದಿಲ್ಲ. ತಿರುಗಿ ನೋಡಿದರೆ ಬಾಲಯ್ಯ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದನಂತೆ. ಎದೆಬಡಿತ ನಿಂತುಹೋಗಿತ್ತು.

ಸಂಜೆಯ ಹೊತ್ತಿಗೆ ಎಲ್ಲ ಮುಗಿಯಿತು. ಕೆರೆಯ ಪಕ್ಕದಲ್ಲಿ, ಹುಣಸೆಮರಕ್ಕೆ ಐವತ್ತು ಹೆಜ್ಜೆ ದೂರದಲ್ಲಿ ಅವರ ಮನೆತನದವರನ್ನು ಮಣ್ಣು ಮಾಡುವ ಜಾಗವಿತ್ತು. ಅಲ್ಲಿಗೇ ಒಯ್ದರು.

ಆಯಿ ಅಮರಮ್ಮ ಅಳಲಿಲ್ಲ. ಅಖಿಲಾಳ ಅಜ್ಜಿಯನ್ನು ಮನೆಯಲ್ಲಿ ಎಲ್ಲರೂ ಆಯಿ ಅನ್ನುತ್ತಿದ್ದರು. ಅವಳು ಕಂಬಕ್ಕೆ ಒರಗಿ ಕೂತು, "ನನ್ನ ಮಗ ಉಂಡ ಮ್ಯಾಲ ನಾ ಉಣ್ತೀನಿ," ಅಂದಳು. ಅಷ್ಟೇ. ಆಮೇಲೆ ಬರೀ ಚಹಾ.

ಮೂರನೇ ದಿನ ಎಡೆ ಇಡಬೇಕು. ಸತ್ತವರಿಗೆ ಏನು ಇಷ್ಟವೋ ಅದನ್ನು ಮಾಡಿ ಮಣ್ಣು ಮಾಡಿದ ಜಾಗದಲ್ಲಿ ಎಲೆಯ ಮೇಲೆ ಬಡಿಸುತ್ತಾರೆ. ಕಾಗೆ ಬಂದು ಮುಟ್ಟಿದರೆ ಸತ್ತವರು ಉಂಡರು ಎಂದರ್ಥ. ಆಯಿ ಅದಕ್ಕೇ ಕಾಯುತ್ತಿದ್ದಳು.

"ನಿಮ್ಮವ್ವಗ ಶುಗರ್ ಐತಿ," ಎಂದು ಅವ್ವ ಪೋಚಮ್ಮ ಗುರುವಾರ ರಾತ್ರಿ ಅಪ್ಪನಿಗೆ ಹೇಳುತ್ತಿದ್ದಳು. "ಖಾಲಿ ಹೊಟ್ಟ್ಯಾಗ ಗುಳಿಗಿ ನುಂಗಬಾರ್ದು ಅಂತಾರ ಡಾಕ್ಟರು. ಗುಳಿಗಿ ಬಿಟ್ರೂ ಕಷ್ಟ. ಕೈ ನಡಗಾಕ ಹತ್ಯಾವು, ನೋಡಿದ್ರಿಲ್ಲ? ಕಾಗಿ ಬರಲಿಲ್ಲಂದ್ರ ಏನು ಮಾಡೋದು?"

"ಬರ್ತೈತಿ ಬಿಡು. ಅಣ್ಣ ಮೀನಂದ್ರ ಜೀವ ಬಿಡ್ತಿದ್ದ. ನಾಳಿಗೆ ಜೂರಾಲಾ ಡ್ಯಾಮಿನ ಕಡಿಂದ ಚೊಲೋ ಮೀನು ತರ್ತೀನಿ."

ಹಾಸಿಗೆಯಲ್ಲಿ ಅಖಿಲಾ ಕಣ್ಣು ತೆರೆದಳು. ಮೀನು? ದೊಡ್ಡಪ್ಪನಿಗೆ ಮೀನು ಸೇರುವುದಿಲ್ಲ. ಮೀನು ಇಟ್ಟರೆ ಅವನು ಬರುವುದೇ ಇಲ್ಲ. ಅವನು ಬರದಿದ್ದರೆ ಆಯಿ ಉಣ್ಣುವುದಿಲ್ಲ.

ಹೇಳಿಬಿಡಲೇ ಎಂದುಕೊಂಡಳು. ಮನ್ಯಾಗ ಹೇಳಬ್ಯಾಡ ಅಂದಿದ್ದ ದೊಡ್ಡಪ್ಪ. ಅಂದವನೇ ಈಗ ಇಲ್ಲ. ಇಲ್ಲದವರಿಗೆ ಕೊಟ್ಟ ಮಾತು ಏನಾಗುತ್ತದೆ? ಯಾರನ್ನು ಕೇಳುವುದು?

ಬೆಳಿಗ್ಗೆ ಅಡುಗೆಮನೆಯಲ್ಲಿ ನೆಂಟರು ತುಂಬಿದ್ದರು. "ಅವ್ವಾ, ಒಂದು ಮಾತು," ಎಂದು ಎರಡು ಸಲ ಹೋದಳು. ಒಂದು ಸಲ ಅವ್ವ, "ಉಳ್ಳಾಗಡ್ಡಿ ಸುಲಿ," ಅಂದಳು. ಇನ್ನೊಂದು ಸಲ, "ದಾರಿ ಬಿಡು, ಎಣ್ಣಿ ಕಾದೈತಿ," ಅಂದಳು.

ಮೂರನೇ ಸಲ ಅಖಿಲಾ ಅವ್ವನ ಹತ್ತಿರ ಹೋಗಲಿಲ್ಲ. ಬುಟ್ಟಿಯಿಂದ ನಿನ್ನೆಯ ರೊಟ್ಟಿ ಒಂದನ್ನು ತೆಗೆದುಕೊಂಡು ಹಿತ್ತಲಿಗೆ ಹೋದಳು. ಪುಡಿ ಮಾಡಿದಳು. ಶೇಂಗಾ ಪುಡಿ, ಚೂರು ಬೆಲ್ಲ, ನೀರು. ಬೆಲ್ಲ ಜಾಸ್ತಿಯಾದರೆ ಉಂಡೆ ನೀರಿನಲ್ಲಿ ಬಿಚ್ಚಿಹೋಗುತ್ತದೆ ಎಂದು ದೊಡ್ಡಪ್ಪ ಹೇಳುತ್ತಿದ್ದುದು ನೆನಪಿತ್ತು. ನಾದಿ, ತನ್ನ ಸ್ಕೂಲ್ ಟಿಫಿನ್ ಡಬ್ಬಿಯಲ್ಲಿ ಇಟ್ಟುಕೊಂಡಳು.

*

ಮುತ್ತಲದ ಎಲೆಯ ಮೇಲೆ ಅನ್ನ, ರೊಟ್ಟಿ, ಮೀನಿನ ಸಾರು ಬಡಿಸಿದರು. ಎಲ್ಲದರ ಮೇಲೆ ಕಾಣುವಂತೆ ಮೀನಿನ ತಲೆ ಇಟ್ಟರು. ಪಕ್ಕದಲ್ಲಿ ದೊಡ್ಡಪ್ಪನ ಸಾಮಾನು ಜೋಡಿಸಿದ್ದರು. ಟಿಕೆಟಿನ ಚರ್ಮದ ಚೀಲ, ಸೀಟಿ, ಗಾಳದ ಕೋಲು. ರಾಟಿಯ ಮೇಲೆ ಕುಂಕುಮ ಹಚ್ಚಿದ್ದರು.

ಎಲ್ಲರೂ ದೂರ ಸರಿದು ಕೂತರು. ಕಾರ್ಯ ಮಾಡಿಸಲು ಬಂದಿದ್ದ ಹಿರಿಯ ಪೆದ್ದಯ್ಯ ಬಾಯಿಗೆ ಕೈ ಅಡ್ಡ ಹಿಡಿದು, "ಕಾ... ಕಾ..." ಎಂದು ಕರೆದ.

ಬೇಲಿಯ ಜಾಲಿಮರದಲ್ಲಿ ಎರಡು ಕಾಗೆ ಇದ್ದವು. ಒಂದು ಕೊಕ್ಕು ತಿಕ್ಕಿಕೊಂಡಿತು. ಇನ್ನೊಂದು ಹಾರಿಹೋಯಿತು.

ಹೊತ್ತು ಏರಿತು. ನೆರಳು ಗಿಡ್ಡವಾಯಿತು. ಯಾರದೋ ಫೋನ್ ಹಾಡಿತು. ಹಾಡಿದ್ದಕ್ಕೆ ಯಾರೋ ಬೈದರು. ಆಯಿ ಮಾತ್ರ ಎಲೆಯಿಂದ ಕಣ್ಣು ಕೀಳಲಿಲ್ಲ. ಅವಳ ಕೈ ಮಡಿಲಲ್ಲಿ ನಡುಗುತ್ತಿದ್ದುದನ್ನು ಅಖಿಲಾ ನೋಡುತ್ತಲೇ ಇದ್ದಳು. ಸೆರಗಿನ ತುದಿ ಕೂಡ ಅಲುಗುತ್ತಿತ್ತು.

"ಅವಗ ಏನೋ ಮನಸ್ಸಿನ್ಯಾಗ ಉಳದೈತಿ," ಎಂದು ಯಾರೋ ಪಿಸುಗುಟ್ಟಿದರು.

"ಅತ್ತಿ, ಒಂದು ತುತ್ತು ಉಣ್ರಿ. ಕಾಗಿ ಆಮ್ಯಾಲ ಬರ್ತೈತಿ," ಎಂದಳು ಅವ್ವ.

ಆಯಿ ತಲೆಯಾಡಿಸಿದಳು. "ಅವ ಉಣಲಾರದ ನಾ ಹೆಂಗ ಉಣ್ಲಿ?"

ಪೆದ್ದಯ್ಯ ಎದ್ದು ನಿಂತು ಪಂಚೆ ಕೊಡವಿಕೊಂಡ. "ಇನ್ನ ಸ್ವಲ್ಪ ನೋಡೂಣು. ಬರಲಿಲ್ಲಂದ್ರ ನೀರಿಗೆ ಬಿಡೂಣು. ನೀರಿಗೆ ಬಿಟ್ರೂ ಮುಟ್ಟತೈತಿ ತಗೋ ಅಮರಮ್ಮಾ."

ನೀರಿಗೆ ಬಿಟ್ಟರೂ ಮುಟ್ಟುತ್ತದೆ!

ಅಖಿಲಾ ಎದ್ದಳು. ಎಲ್ಲರೂ ಜಾಲಿಮರ ನೋಡುತ್ತಿದ್ದರು. ಅವಳು ಬಗ್ಗಿ ಗಾಳದ ಕೋಲು ಎತ್ತಿಕೊಂಡು, ಡಬ್ಬಿ ಕಂಕುಳಲ್ಲಿ ಅವುಚಿಕೊಂಡು ಹುಣಸೆಮರದ ಕಡೆಗೆ ನಡೆದಳು. ಓಡಲಿಲ್ಲ. ಓಡಿದರೆ ಯಾರಾದರೂ ಕೂಗುತ್ತಿದ್ದರು.

ನೀರಿನ ಅಂಚಿಗೆ ಬಂದು ದಾರದ ತುದಿಯ ಕೊಕ್ಕೆ ಬಿಚ್ಚಿದಳು. ಉಣ್ಣಲು ಕೊಡುವಾಗ ಕೊಕ್ಕೆ ಯಾಕೆ? ಸೀಸದ ಗುಂಡಿನ ಸುತ್ತ ಉಂಡೆಯನ್ನು ಗಟ್ಟಿಯಾಗಿ ಒತ್ತಿ ಕೂಡಿಸಿದಳು.

ದಂಡೆಯಲ್ಲೇ ಹಾಕಿದರೆ ಆಗದು. ದೊಡ್ಡಪ್ಪ ಯಾವಾಗಲೂ ಹಾಕುತ್ತಿದ್ದುದು ಎಮ್ಮೆಬಂಡೆಯ ಆಚೆಗೆ.

ಹೋಲ್ಡಾನ್. ಕೋಲು ಹಿಂದೆ. ರೈಟ್.

ಗುಂಡು ಹತ್ತು ಮಾರು ದೂರದಲ್ಲಿ ಬಿತ್ತು. ಹೆಬ್ಬೆರಳು ಬೇಗ ಒತ್ತಿದ್ದಳು. ಉಂಡೆ ಅಲ್ಲೇ ಕರಗಿತು.

ದಾರ ಸುತ್ತಿಕೊಂಡು ಎರಡನೇ ಉಂಡೆ ಕೂಡಿಸಿದಳು. ಈ ಸಲ ಜೋರಾಗಿ ಬೀಸಿದಳು. ಗುಂಡು ಎತ್ತರಕ್ಕೆ ಹಾರಿ, ಎಮ್ಮೆಬಂಡೆಗೆ ಟಪ್ಪೆಂದು ಬಡಿಯಿತು, ಉಂಡೆ ಪುಡಿಯಾಯಿತು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಡಬ್ಬಿಯಲ್ಲಿ ಎರಡು ಉಳಿದಿದ್ದವು. ಮೀನಿಗೊಂದು, ನನಗೊಂದು, ನಿನಗೊಂದು ಎಂದುಕೊಂಡು, ಆಯಿಗೂ ಸೇರಿಸಿ ನಾಲ್ಕೇ ಮಾಡಿದ್ದಳು.

ಕಾಲು ಅಗಲಿಸಿ ನಿಂತಳು. ಹೋಲ್ಡಾನ್. ಹೆಬ್ಬೆರಳು ಗಟ್ಟಿ. ಕೋಲು ಹಿಂದೆ, ಇನ್ನೂ ಹಿಂದೆ.

"ರೈಟ್," ಎಂದಳು ಮೆಲ್ಲಗೆ.

ರಾಟಿ ಗಿರ್ರೆಂದಿತು. ಅವಳು ಗುಂಡು ನೋಡಲಿಲ್ಲ. ರಾಟಿಯನ್ನೂ ನೋಡಲಿಲ್ಲ. ಅಂಚು ಹೆಬ್ಬೆರಳಿನ ಕೆಳಗೆ ಕಚಗುಳಿ ಇಡುತ್ತ ಓಡುತ್ತಿತ್ತು. ಓಡಲಿ, ಓಡಲಿ. ಈಗ ಒಂದು ಮೊಳ ಇದೆ. ಈಗ. ನಿದ್ದೆ ಮಾಡುವ ಕೂಸಿನ ಮೇಲೆ ಕೈ ಇಟ್ಟ ಹಾಗೆ ಇಟ್ಟಳು.

ರಾಟಿ ನಿಂತಿತು. ದೂರದಲ್ಲಿ, ಎಮ್ಮೆಬಂಡೆಯ ಆಚೆ, ಪುಳಕ್ ಎಂದು ಸದ್ದಾಯಿತು. ಸಿಕ್ಕು ಇಲ್ಲ. ಒಂದು ಎಳೆಯೂ ಉಬ್ಬಿರಲಿಲ್ಲ.

"ದೊಡ್ಡಪ್ಪ, ದಾಟಿತು!" ಎಂದು ತಿರುಗಿದಳು.

ಹುಣಸೆಮರದ ಕೆಳಗೆ ಯಾರೂ ಇರಲಿಲ್ಲ. ಮರದಾಚೆಯಿಂದ ಆಯಿ ಒಬ್ಬಳೇ ನಿಧಾನಕ್ಕೆ ನಡೆದು ಬರುತ್ತಿದ್ದಳು.

*

ಆಯಿ ಬಂದು ಮರದ ಬೇರಿನ ಮೇಲೆ ಕೂತಳು. ಏದುಸಿರು ಬಿಡುತ್ತಿದ್ದಳು.

"ಎಡಿ ಮುಂದ ಇಟ್ಟ ಸಾಮಾನು ಮುಟ್ಟಬಾರ್ದು. ಏನು ಮಾಡಾಕತ್ತಿ?"

"ದೊಡ್ಡಪ್ಪಗ ಉಣಾಕ ಹಾಕ್ದೆ."

ಮೊದಲ ಮಾತು ಹೊರಬಿದ್ದ ಮೇಲೆ ಉಳಿದವು ತಾವೇ ಬಂದವು. "ಆಯಿ, ದೊಡ್ಡಪ್ಪಗ ಮೀನು ಸೇರಂಗಿಲ್ಲ. ಮುಳ್ಳು ಆಗಿಬರಂಗಿಲ್ಲ ಅಂದಿದ್ದ. ಅವ ಕೆರಿ ಹತ್ರ ಮೀನು ಸುಟ್ಟು ತಿಂತಿದ್ದಿಲ್ಲ. ಸುಳ್ಳು ಹೇಳ್ತಿದ್ದ. ಈ ಉಂಡಿ ತಿಂತಿದ್ದ. ನಾ ನೋಡೀನಿ. ಅದಕ್ಕ ಕಾಗಿ ಬರವಲ್ದು. ನಾ ಮದ್ಲ ಹೇಳಬೇಕಿತ್ತು. ಹೇಳಬ್ಯಾಡ ಅಂದಿದ್ದ ಅವ."

ಆಯಿ ಅವಳ ತೋಳು ಹಿಡಿದು ಹತ್ತಿರ ಎಳೆದುಕೊಂಡಳು.

"ಒಂದಿನಾನೂ ತಿಂದಿಲ್ಲೇನು?"

"ಒಂದಿನಾನೂ ಇಲ್ಲ ಆಯಿ. ಆಣಿ."

"ಮುಳ್ಳು ಆಗಿಬರಂಗಿಲ್ಲ ಅಂದ್ನಾ ನನ್ನ ಮಗ!" ಆಯಿಯ ಬಾಯಿಂದ ನಗುವಿನಂಥ ಸದ್ದು ಬಂತು. ಆದರೆ ಅದು ನಗು ಆಗಿರಲಿಲ್ಲ. "ಸಣ್ಣಾವಿದ್ದಾಗ ಮೀನಿನ ತಲಿ ಯಾರಿಗೂ ಮುಟ್ಟಗೊಡ್ತಿದ್ದಿಲ್ಲ. ನಿಮ್ಮಪ್ಪಗೂ ಅವಗೂ ಅದಕ್ಕ ಕುಸ್ತಿ. ಮುಳ್ಳು ಚೀಪಿ ಚೀಪಿ ಬೆಳ್ಳಗ ಮಾಡಿ ತಾಟಿನ ಅಂಚಿಗೆ ಸಾಲಾಗಿ ಇಡ್ತಿದ್ದ. ಬೆಕ್ಕು ಬಂದು ಮೂಸಿ ನೋಡಿ, ಸಿಟ್ಟು ಮಾಡ್ಕೊಂಡು ಹೋಗ್ತಿತ್ತು."

ಅಖಿಲಾ ಕೈಲಿದ್ದ ರಾಟಿಯ ಕಡೆಗೆ ನೋಡಿದಳು.

ಮನೆಯಲ್ಲಿ ಹೇಳಿದ್ದು ಸುಳ್ಳು ಎಂದು ಅವಳಿಗೆ ಗೊತ್ತಿತ್ತು. ತನಗೆ ಹೇಳಿದ್ದು ನಿಜ ಎಂದುಕೊಂಡಿದ್ದಳು. ಅಂಜಿ ತನ್ನ ತುಂಡು ಮುಗಿಸಿ ಇನ್ನೊಂದಕ್ಕೆ ಕೈ ಚಾಚುತ್ತಿದ್ದುದು ನೆನಪಾಯಿತು. ತಾನೂ ಚಾಚುತ್ತಿದ್ದಳು. ದೊಡ್ಡಪ್ಪ ಬರೀ ಸಾರಿನಲ್ಲಿ ರೊಟ್ಟಿ ಅದ್ದುತ್ತಿದ್ದ. ಹೋದ ಭಾನುವಾರವಂತೂ ಸಾರೂ ಇರಲಿಲ್ಲ. ಸಿಕ್ಕು ಬಿಡಿಸುತ್ತ ಕೂತಿದ್ದ.

ಅಷ್ಟರಲ್ಲಿ ಆ ಕಡೆಯಿಂದ ಪೆದ್ದಯ್ಯನ ಕೂಗು ಕೇಳಿಸಿತು. "ಬಂತು! ಅಮರಮ್ಮಾ, ಬಂತು ನೋಡು!"

ಎಲೆಯ ಮೇಲೆ ಕಾಗೆ ಕೂತಿತ್ತು. ರೊಟ್ಟಿ ಮುಟ್ಟಲಿಲ್ಲ, ಅನ್ನ ಮುಟ್ಟಲಿಲ್ಲ. ಎರಡು ಕಾಲೂರಿ ಮೀನಿನ ತಲೆಯನ್ನು ಎಳೆಯುತ್ತಿತ್ತು. ಎಳೆದು, ಸುತ್ತ ನೋಡಿ, ಮತ್ತೆ ಎಳೆಯುತ್ತಿತ್ತು.

ಆಯಿ ಅಖಿಲಾಳ ತಲೆ ಹಿಡಿದು ತನ್ನ ಸೆರಗಿನೊಳಗೆ ತಿರುಗಿಸಿಕೊಂಡಳು. ತಾನೂ ಮುಖ ಕೆರೆಯ ಕಡೆಗೆ ಮಾಡಿದಳು.

"ನೋಡಬ್ಯಾಡ ಬಿಡ್ಡಾ. ನಾವು ನೋಡಿದ್ರ ಅವ ಉಣ್ಣಂಗಿಲ್ಲ," ಎಂದಳು. ಆಮೇಲೆ, ಯಾರಿಗೋ ಹೇಳುವಂತೆ, "ಉಣ್ಣು ಬಾಲಾ. ಯಾರೂ ನೋಡವಲ್ಲರು. ಹೊಟ್ಟಿ ತುಂಬ ಉಣ್ಣು."

ಮೂರು ದಿನದಿಂದ ಅಳದಿದ್ದ ಆಯಿ ಆಗ ಅತ್ತಳು. ಸೆರಗಿನೊಳಗಿದ್ದ ಅಖಿಲಾಗೆ ಅವಳ ಹೊಟ್ಟೆ ಕುಲುಕುವುದು ಗೊತ್ತಾಗುತ್ತಿತ್ತು.

ಅಳು ನಿಂತ ಮೇಲೆ ಅಖಿಲಾ ಡಬ್ಬಿ ಮುಂದೆ ಹಿಡಿದಳು. ಒಂದು ಉಂಡೆ ಉಳಿದಿತ್ತು. ಆಯಿ ಅದನ್ನು ನೋಡಿದಳು. ಮುರಿದು ಚೂರು ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ಬಾಯಲ್ಲಿ ನಿಧಾನಕ್ಕೆ ಆಡಿಸಿದಳು.

"ಬೆಲ್ಲ ಕಡಿಮಿ ಆತು."

"ಜಾಸ್ತಿ ಹಾಕಿದ್ರ ನೀರಾಗ ಬಿಚ್ಚಿ ಹೋಗ್ತೈತಿ, ಆಯಿ."

"ಹೌದೇನು," ಅಂದಳು ಆಯಿ. ಉಳಿದದ್ದನ್ನೂ ತಿಂದಳು. ಡಬ್ಬಿಯ ತಳದ ಪುಡಿಯನ್ನು ಬೆರಳಿಗೆ ಹತ್ತಿಸಿಕೊಂಡು ತಿಂದಳು.

ಅಖಿಲಾ ದಾರ ಸುತ್ತಿದಳು. ಒದ್ದೆ ದಾರ ಮೆಲ್ಲಗೆ ರಾಟಿಗೆ ಬಂದು ಕೂತಿತು. ತುದಿಯಲ್ಲಿ ಬರೀ ಸೀಸದ ಗುಂಡು. ಉಂಡೆ ಇರಲಿಲ್ಲ. ಕರಗಿತೋ, ಯಾವುದಾದರೂ ಮೀನು ತಿಂದಿತೋ ಗೊತ್ತಾಗಲಿಲ್ಲ. ಹೆಬ್ಬೆರಳಿನ ಮೇಲೆ ಕುಂಕುಮ ಹತ್ತಿತ್ತು. ಅದರಡಿಯಲ್ಲಿ ಚರ್ಮ ಸ್ವಲ್ಪ ಸುಟ್ಟ ಹಾಗೆ ಉರಿಯುತ್ತಿತ್ತು.

*

ಸಂಜೆ ದೀಪ ಹಚ್ಚುವ ಮೊದಲೇ ಎಲ್ಲರೂ ಊಟಕ್ಕೆ ಕೂತರು. ಅಖಿಲಾ ತಂದು ಗೋಡೆಗೆ ಒರಗಿಸಿದ ಗಾಳದ ಕೋಲನ್ನು ಯಾರೂ ತೆಗಿ ಅನ್ನಲಿಲ್ಲ. ನೆಂಟರು ಬಹಳ ಇದ್ದರು. ಮೀನಿನ ಸಾರು ಬಡಿಸುತ್ತ ಬಡಿಸುತ್ತ ಬಂದಾಗ ಪಾತ್ರೆಯ ತಳ ಕಾಣತೊಡಗಿತು. ಅವ್ವ ಕೊನೆಯ ತುಂಡುಗಳಲ್ಲಿ ಆಯಿಗೆ ಒಂದು, ಅಖಿಲಾಗೆ ಒಂದು ಹಾಕಿದಳು. ತನಗೆ ಬರೀ ಸಾರು ಸುರಿದುಕೊಂಡಳು.

ಅಂಜಿ ತನ್ನದನ್ನು ಆಗಲೇ ಮುಗಿಸಿದ್ದ. ಖಾಲಿ ತಾಟು ಹಿಡಿದುಕೊಂಡು ಅಕ್ಕನ ತಾಟು ನೋಡುತ್ತಿದ್ದ. ಕೇಳಲಿಲ್ಲ, ನೋಡುತ್ತಿದ್ದ ಅಷ್ಟೇ.

ಅಖಿಲಾ ತನ್ನ ತುಂಡನ್ನು ಎತ್ತಿ ಅವನ ತಾಟಿಗೆ ಹಾಕಿದಳು.

"ನಿನಗ?" ಅಂದ ಅಂಜಿ.

"ನನಗ ಬ್ಯಾಡ. ನಾ ಕೆರಿ ಹತ್ರನ ಉಂಡೀನಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೇ ಕೇಳಿಸಿತು.

ಅಪ್ಪ ತುತ್ತು ಕೈಯಲ್ಲಿ ಹಿಡಿದವನು ಹಾಗೇ ಕೂತ. ಅವ್ವ ಸೌಟು ಕೆಳಗಿಟ್ಟಳು. ಆಯಿ ಮಾತ್ರ ತಲೆ ಎತ್ತಲಿಲ್ಲ. ತನ್ನ ತಾಟಿನ ಮೀನನ್ನು ಎರಡು ಕೈಯಿಂದ ಮುರಿದಳು. ಸಮ ಆಗಲಿಲ್ಲ. ದೊಡ್ಡದನ್ನು ಅಖಿಲಾಳ ತಾಟಿನಲ್ಲಿ ಇಟ್ಟು, ಅವಳ ಪಕ್ಕಕ್ಕೆ ಸರಿದು ಕೂತಳು.

"ಉಣ್ಣು," ಎಂದಳು. "ನಾ ನೋಡ್ಕೊಂತ ಕೂಡ್ತೀನಿ."

ಅಖಿಲಾ ಉಂಡಳು. ನಿಧಾನಕ್ಕೆ ಉಂಡಳು. ಒಂದೊಂದು ಮುಳ್ಳನ್ನೂ ಚೀಪಿ, ಬೆಳ್ಳಗೆ ಮಾಡಿ, ತಾಟಿನ ಅಂಚಿಗೆ ಸಾಲಾಗಿ ಇಡುತ್ತ ಹೋದಳು.